ಒಂದು ಅಡಿ ಎಂದರೆ

ಪುಣೆಯಿಂದ ಬಂದಿದೆ ಕೈಪಿಡಿ. ನೂರ ಹನ್ನೆರಡು ಪುಟ,
ನುಣುಪು ಕಾಗದ, ಮೂಲೆಯಲ್ಲಿ ಚಿಗುರೆಲೆಯ ಮುದ್ರೆ.
ಹೊಸೂರಿಗೂ ಇದೇ, ರಾಜಕೋಟೆಗೂ ಇದೇ,
ಮಾಚೇನಹಳ್ಳಿಯ ನಮ್ಮ ಎರಕದ ಕಾರ್ಖಾನೆಗೂ ಇದೇ.
ಒಳ್ಳೆಯದು ಎಲ್ಲ ಕಡೆಯೂ ಒಳ್ಳೆಯದು, ಎನ್ನುತ್ತದೆ ಮೊದಲ ಪುಟ.
ಕೊನೆಯ ಪುಟದಲ್ಲಿ ನಾನು ಸಹಿ ಹಾಕಬೇಕು
ಓದಿದ್ದೇನೆ ಎಂದು.
ಓದಿದ್ದೇನೆ.

ಏಳನೇ ಅಧ್ಯಾಯದಂತೆ
ತಿಂಗಳ ಉತ್ತಮ ಕೆಲಸಗಾರನ ಫೋಟೊ
ಪಂಚಿಂಗ್ ಯಂತ್ರದ ಪಕ್ಕ ತೂಗುಹಾಕಿಸಿದೆ:
ಕುಲುಮೆಯ ಟೀಕಪ್ಪ, ನೀಲಿ ಅಂಗಿ, ನಗು ಬಾರದ ಮುಖ.
ಮೂರನೇ ದಿನ ಫೋಟೊ ಗೋಡೆ ನೋಡುತ್ತಿತ್ತು.
ಯಾರು ತಿರುಗಿಸಿದ್ದು? ನಿಯಮದಂತೆ ವಿಚಾರಣೆ.
"ನಾನೇ," ಅಂದ.
"ಲ್ಯಾಡಲ್ ಸುತ್ತ ಆರು ಜನ ಇರ್ತೀವಿ ಮೇಡಂ.
ಒಬ್ಬನ ಹೆಜ್ಜೆ ತಪ್ಪಿದ್ರೆ ಆರು ಜನಕ್ಕೂ ಸುಡ್ತೈತೆ.
ನನ್ನೊಬ್ಬನ ತಲೆ ಅಲ್ಲಿ ನೇತಾಕಿದ್ರೆ
ಉಳಿದೋರ ಎದುರು ಟೀ ಹೆಂಗೆ ಕುಡೀಲಿ?"

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಚೌಡಪ್ಪನವರಿಗೆ
ಕೈಪಿಡಿ ಇರಲಿಲ್ಲ.
ಭೂಮಿ ಹುಣ್ಣಿಮೆಗೆ ಅರ್ಧ ಶೆಡ್ ಖಾಲಿ ಎಂದು ಗೊತ್ತಿತ್ತು,
ಕುಲುಮೆಯ ಒಳಪದರ ಕಿತ್ತು ಕಟ್ಟುವ ಕೆಲಸ
ಸರಿಯಾಗಿ ಆ ದಿನವೇ ಬೀಳುವಂತೆ ಲೆಕ್ಕ ಹಾಕುತ್ತಿದ್ದರು.
ಉಪವಾಸದ ತಿಂಗಳು ಜಬೀವುಲ್ಲಾನನ್ನು
ಬೆಂಕಿಯಿಂದ ದೂರ, ಮರಳಿನ ಕಡೆಗೆ ಹಾಕುತ್ತಿದ್ದರು,
ಯಾರೂ ಅರ್ಜಿ ಬರೆಯದೆ.
ಊರು ಗೊತ್ತಿದ್ದ ಮನುಷ್ಯ, ಎನ್ನುತ್ತಾರೆ ಎಲ್ಲರೂ.

ಎಲ್ಲರೂ ಅಂದರೆ,
ಕೋರ್ ಶಾಪಿನ ಫೈರೋಜಾಳನ್ನು ಬಿಟ್ಟು.
ಒಂಬತ್ತು ವರ್ಷ ಅವಳ ದಿನಗೂಲಿ
ಪಕ್ಕದಲ್ಲಿ ಅದೇ ಮರಳು ತುಂಬುವವನಿಗಿಂತ ಎಪ್ಪತ್ತು ರೂಪಾಯಿ ಕಮ್ಮಿ.
ಕೇಳಿದ್ದಕ್ಕೆ, "ಈ ಕಡೆ ಪದ್ಧತಿ ಹಂಗೇ ಕಣಮ್ಮ,"
ಎಂದಿದ್ದರಂತೆ ಊರು ಗೊತ್ತಿದ್ದ ಮನುಷ್ಯ.
ಮೂವತ್ತೊಂದನೇ ಪುಟ, ನಾಲ್ಕನೇ ಸಾಲು
ಆ ಎಪ್ಪತ್ತು ರೂಪಾಯಿ ಕೊಡಿಸಿತು.
ಸಾಲು ಬರೆದವನಿಗೆ ಮಾಚೇನಹಳ್ಳಿ ಎಲ್ಲಿದೆ ಗೊತ್ತಿಲ್ಲ.
ಗೊತ್ತಿಲ್ಲದ್ದೇ ಒಳ್ಳೆಯದಾಯಿತು.
ಆ ಪುಟದ ಜೆರಾಕ್ಸ್ ಕೇಳಿ ಪಡೆದಳು,
ಬುತ್ತಿಚೀಲದಲ್ಲಿ ಮಡಿಸಿ ಇಟ್ಟುಕೊಂಡಿದ್ದಾಳೆ,
ಚೌಡಪ್ಪನವರು ವಾಪಸ್ ಬಂದರೆ ಅಂತ.

ಅಂಕ ಹಾಕುವ ಫಾರಂ ಹಿಡಿದು
ಪ್ಯಾಟರ್ನ್ ಶಾಪಿಗೆ ಹೋದೆ. ಅಲ್ಲಿ ತೇಗದ ಹೊಟ್ಟಿನ ವಾಸನೆ,
ಸ್ವಲ್ಪ ತಣ್ಣಗೆ.
ಭದ್ರಾವತಿಯಿಂದ ಬಸ್ಸಿನಲ್ಲಿ ಬರುವ ಮುನಿರತ್ನಂ
ಉಕ್ಕಿನ ಅಡಿಪಟ್ಟಿ ಇಟ್ಟು ಗೀಟು ಎಳೆಯುತ್ತಿದ್ದ.
ಸುಮ್ಮನೆ ನನ್ನ ಪ್ಲಾಸ್ಟಿಕ್ ಪಟ್ಟಿ ಅದರ ಪಕ್ಕ ಇಟ್ಟೆ.
ಅವನ ಅಡಿ ನನ್ನ ಅಡಿಗಿಂತ ಒಂದಿಷ್ಟು ಉದ್ದ.

"ತಪ್ಪಿದೆ ನಿಮ್ಮದು."
"ತಪ್ಪಲ್ಲಮ್ಮ. ಆರುವಾಗ ಕಬ್ಬಿಣ ಕುಗ್ಗುತ್ತೆ.
ಕುಗ್ಗೋದನ್ನ ಮೊದಲೇ ಅಡಿಯೊಳಗೆ ಸೇರಿಸಿದಾರೆ.
ಇದು ಬೀಡು ಕಬ್ಬಿಣಕ್ಕೆ. ಅಗೋ ಅದು ಉಕ್ಕಿಗೆ, ಇನ್ನೂ ಉದ್ದ."
"ಎಲ್ಲಕ್ಕೂ ಒಂದೇ ಪಟ್ಟಿ ಹಿಡಿದರೆ?"
"ಗಿರಾಕಿ ವಾಪಸ್ ಕಳಿಸ್ತಾನೆ."
"ಪಟ್ಟಿಯೇ ಬೇಡ, ಕಣ್ಣಂದಾಜು ಅಂದರೆ?"
ನಕ್ಕ. "ಆವಾಗ್ಲೂ ಕಳಿಸ್ತಾನೆ."

ಕಬ್ಬಿಣ ಎಷ್ಟು ಕುಗ್ಗುತ್ತದೆಂದು
ಯಾರೋ ಕೂತು ಅಳೆದು ಕೆತ್ತಿಟ್ಟಿದ್ದಾರೆ.
ಟೀಕಪ್ಪ ಎಷ್ಟು, ಫೈರೋಜಾ ಎಷ್ಟು,
ಯಾವ ಬಿಸಿಯಿಂದ ಇಳಿದು ಮನೆಗೆ ಹೋಗುತ್ತಾರೆ,
ಆ ಪಟ್ಟಿ ಗಾಂಧಿ ಬಜಾರಿನ ಯಾವ ಅಂಗಡಿಯಲ್ಲೂ ಇಲ್ಲ.

ಪುಣೆಗೆ ಬರೆದೆ: ಏಳನೇ ಅಧ್ಯಾಯ ಸ್ವಲ್ಪ ಸಡಿಲಿಸಿ,
ಮೂವತ್ತೊಂದನೇ ಪುಟ ಮಾತ್ರ ಮುಟ್ಟಬೇಡಿ.
ಉತ್ತರ ಅರೆ ನಿಮಿಷದಲ್ಲೇ ಬಂತು:
ನಿಮ್ಮ ಸಲಹೆ ನಮಗೆ ಅಮೂಲ್ಯ.

ಸಂಜೆ ಪಾಳಿ ಬದಲಾಗುವಾಗ ನೋಡಿದೆ,
ಫೋಟೊ ಇನ್ನೂ ಗೋಡೆಯ ಕಡೆಗೇ.
ಅದರ ಬೆನ್ನಿನ ರಟ್ಟಿಗೆ ಯಾರೋ ಸೀಸದಕಡ್ಡಿಯಲ್ಲಿ
ಆರು ಹೆಸರು ಬರೆದಿದ್ದಾರೆ, ಒಂದಕ್ಕೆ ಒತ್ತಕ್ಷರ ತಪ್ಪಿದೆ.
ತಿದ್ದಲು ಪೆನ್ನು ತೆಗೆದೆ,
ಮತ್ತೆ ಜೇಬಿಗಿಟ್ಟೆ.